ನಳ ಬರೋದು ಐದಾರು ದಿನಕ್ಕೊಮ್ಮೆ, ಕೈ ತೊಳೆಯೋದು ಹೇಗೆ ಸಿಸ್ಟರ್?

ಪ್ರಶ್ನೆ (ಕಲಬುರಗಿಯಿಂದ): ಸಿಸ್ಟರ್, ಬೇಸಿಗೆಯಲ್ಲಿ ನಮ್ಮ ಓಣಿಗೆ ನಳ ಐದಾರು ದಿನಕ್ಕೊಮ್ಮೆ ಬರುತ್ತದೆ. ಸಂಡಾಸಕ್ಕೆ ಹೋಗಿ ಬಂದವರೆಲ್ಲ ಬಚ್ಚಲ ಬಾಗಿಲಿನ ಬಕೆಟ್ಟಿನಲ್ಲೇ ಕೈ ಅದ್ದಿ ತೊಳೆಯುತ್ತಾರೆ. ಈ ತಿಂಗಳು ಸಣ್ಣವನಿಗೆ ಎರಡು ಸಲ ವಾಂತಿ-ಭೇದಿ ಆಯಿತು. ನೀರು ಉಳಿಯಲಿ ಅಂತ ದೊಡ್ಡ ಸ್ಯಾನಿಟೈಸರ್ ಬಾಟಲಿ ತಂದಿದ್ದೇನೆ. ಅಷ್ಟು ಸಾಕಲ್ವಾ?

ಉತ್ತರ (ನರ್ಸ್): ಸಾಕಾಗಲ್ಲ ಅಕ್ಕಾ. ಕೊರೊನಾ ವೈರಸ್ಸಿಗೆ ಮೈಮೇಲೆ ಕೊಬ್ಬಿನ ಪದರ ಇದೆ, ಆಲ್ಕೋಹಾಲ್ ಅದನ್ನು ಒಡೆಯುತ್ತದೆ. ವಾಂತಿ-ಭೇದಿ ತರುವ ನೊರೊವೈರಸ್ಸಿಗೆ ಆ ಪದರವೇ ಇಲ್ಲ. ಅದನ್ನು ಉಜ್ಜಿ, ನೀರು ಸುರಿದು ಕಳಿಸಬೇಕು. ಕೈಗೆ ಎಣ್ಣೆ, ಹಿಟ್ಟು, ಮಣ್ಣು ಮೆತ್ತಿದ್ದರಂತೂ ಸ್ಯಾನಿಟೈಸರ್ ಸುಮ್ನೆ ಖರ್ಚು. ಬಸ್ಸಿನಲ್ಲಿ ಹೋಗುವಾಗ ಇಟ್ಟುಕೊಳ್ಳಿ, ಅದರಲ್ಲೂ ಆಲ್ಕೋಹಾಲ್ ಶೇ. 60ಕ್ಕಿಂತ ಕಡಿಮೆ ಇರಬಾರದು.

ನನಗೆ ಜಾಸ್ತಿ ಚಿಂತೆ ಆ ಬಕೆಟ್ಟಿನದು. ಒಬ್ಬರ ಕೈಯ ಹೊಲಸು ಅದರಲ್ಲಿ ಬಿಟ್ಟು ಇನ್ನೊಬ್ಬರ ಕೈಗೆ ಹತ್ತುತ್ತದೆ. ಬಕೆಟ್ ಮುಚ್ಚಿಡಿ. ಚರಗಿಯಲ್ಲಿ ನೀರು ತಗೊಂಡು ಒಬ್ಬರು ಸುರಿಯಲಿ. ಕೈ ಒದ್ದೆಯಾದ ಕೂಡಲೇ ನಿಲ್ಲಿಸಿ. ಸೋಪು ಹಚ್ಚಿ 20 ಸೆಕೆಂಡು ಉಜ್ಜುವಾಗ ನೀರೇ ಬೇಡ. ಹೆಬ್ಬೆರಳು, ಬೆರಳ ಸಂದಿ, ಉಗುರಿನ ಒಳಗೆ, ನಾವು ಬಿಡೋದೇ ಇವನ್ನು. ಆಮೇಲೆ ಸುರಿದುಕೊಳ್ಳಿ. ಒಂದು ಚರಗಿ ನೀರಲ್ಲಿ ಮುಗಿಯುತ್ತದೆ.

ಸುರಿಯಲು ಯಾರೂ ಇಲ್ಲದಾಗ? ದೊಡ್ಡ ಬಾಟಲಿಯ ಬುಡದ ಹತ್ತಿರ ಪಕ್ಕಕ್ಕೆ ದಬ್ಬಣ ಕಾಯಿಸಿ ಸಣ್ಣ ತೂತು ಮಾಡಿ. ಮುಚ್ಚಳ ಸಡಿಲಿಸಿದರೆ ನೀರು ಬರುತ್ತದೆ, ಬಿಗಿದರೆ ನಿಲ್ಲುತ್ತದೆ. ಮುಚ್ಚಳಕ್ಕೂ ಹೊಲಸು ಕೈ ತಾಗುತ್ತದಲ್ಲ, ಸೋಪಿನ ಕೈಯಲ್ಲಿ ಅದನ್ನೂ ಉಜ್ಜಿಬಿಡಿ.

ಮತ್ತೆ ಅವರೇ: ರೊಟ್ಟಿ ಬಡಿಯುವ ಮುಂಚೆ ಸೋಪು ಹಚ್ಚಿದರೆ ಅತ್ತೆ ನಗುತ್ತಾರೆ. ಹಂಚಿನ ಬಿಸಿಗೆ ಎಲ್ಲ ಸಾಯುತ್ತದಂತೆ.

ಉತ್ತರ: ರೊಟ್ಟಿಯ ಮಟ್ಟಿಗೆ ಅತ್ತೆಯವರ ಮಾತು ಬಹಳಷ್ಟು ನಿಜ. ಆದರೆ ಅದೇ ಕೈಯಲ್ಲಿ ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ ಬಡಿಸುತ್ತೀರಿ. ಅವು ಹಂಚು ಕಾಣಲ್ಲವಲ್ಲ!

ಪ್ರಶ್ನೆ (ಯಾದಗಿರಿ ಕಡೆಯಿಂದ): ಹೊಲದಲ್ಲಿ ಸೋಪು ಇರಲ್ಲ. ಮಣ್ಣು ಹಚ್ಚಿ ಉಜ್ಜಿದರೆ ನಡೆಯುತ್ತಾ ಸಿಸ್ಟರ್?

ಉತ್ತರ: ಮಣ್ಣು ಬೇಡಣ್ಣ, ಅದರಲ್ಲಿ ಜಂತುಹುಳದ ತತ್ತಿ ಇರಬಹುದು. ಬುತ್ತಿಯ ಜೊತೆ ಸೋಪಿನ ತುಂಡು ಕಟ್ಟಿಕೊಳ್ಳಿ. ಮರೆತ ದಿನ ಒಲೆಯ ಬೂದಿ ಮಣ್ಣಿಗಿಂತ ಮೇಲು. ತೊಗರಿಗೆ ಎಣ್ಣೆ (ಕೀಟನಾಶಕ) ಹೊಡೆದ ದಿನ ಮಾತ್ರ ಬೂದಿ, ಸ್ಯಾನಿಟೈಸರ್ ಯಾವುದನ್ನೂ ನಂಬಬೇಡಿ. ಸೋಪು, ನೀರು ಬೇಕೇ ಬೇಕು.

ಅಕ್ಕಾ, ಹುಡುಗ ಈಗ ಹೇಗಿದ್ದಾನೆ? ಮತ್ತೆ ಭೇದಿಯಾದರೆ ಮೊದಲು ಓಆರ್‌ಎಸ್ ಕುಡಿಸಿ. ಕಣ್ಣು ಒಳಗೆ ಹೋದರೆ, ಉಚ್ಚೆ ಕಡಿಮೆಯಾದರೆ, ರಕ್ತ ಕಂಡರೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಕಲಬುರಗಿಯವರು: ಈಗ ಆರಾಮಿದ್ದಾನೆ. ಬಾಟಲಿಗೆ ತೂತೂ ಆಯಿತು. ಆದರೆ ಬಚ್ಚಲಿನ ಸೋಪು ದಿನಾ ಇಲಿ ಒಯ್ಯುತ್ತದೆ!

ಉತ್ತರ: ಹಳೇ ಕಾಲುಚೀಲದಲ್ಲಿ ಹಾಕಿ ಮೇಲೆ ತೂಗುಬಿಡಿ. ಚೀಲದ ಮೇಲಿಂದಲೇ ಉಜ್ಜಿದರೂ ನೊರೆ ಬರುತ್ತದೆ.