ಸಹಾಯ ಬೇಕು: ಪ್ರಾಪ್ ಓದಿದ ಮೇಲೆ ಮುಂದೇನು ಓದಲಿ?

ಎಲ್ಲರಿಗೂ ನಮಸ್ಕಾರ. ಅಮ್ಮ ಹೇಳುವ ಕಥೆಗಳನ್ನು ಫೋನಲ್ಲಿ ರೆಕಾರ್ಡ್ ಮಾಡಿ ಬರೆದಿಡುತ್ತಿದ್ದೇನೆ, ಇದುವರೆಗೆ 17 ಆಗಿವೆ. ಜೊತೆಜೊತೆಗೆ ರಷ್ಯದ ಜಾನಪದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ ಅವರ ‘ಮಾರ್ಫಾಲಜಿ ಆಫ್ ದ ಫೋಕ್‌ಟೇಲ್’ ಓದಿದೆ. 1928ರಲ್ಲಿ ರಷ್ಯನ್ನಿನಲ್ಲಿ ಬಂದ ಪುಸ್ತಕ, ಇಂಗ್ಲಿಷಿಗೆ ಬಂದದ್ದು 1958ರಲ್ಲಿ. ಅಫನಾಸ್ಯೆವ್ ಸಂಗ್ರಹಿಸಿದ ರಷ್ಯನ್ ಜನಪದ ಕಥೆಗಳಲ್ಲಿ ನೂರನ್ನು ಬಿಡಿಸಿ ನೋಡಿ, ಪಾತ್ರಗಳು ಎಷ್ಟೇ ಬದಲಾದರೂ ಅವು ಮಾಡುವ ಕೆಲಸಗಳು 31 ಮಾತ್ರ ಎನ್ನುತ್ತಾರೆ. ಅಮ್ಮನ ರಾಜಕುಮಾರರ ಕಥೆಗಳಿಗೆ ಇದು ಅಚ್ಚುಕಟ್ಟಾಗಿ ಹೊಂದಿತು, ರೋಮಾಂಚನವಾಯಿತು!

ಆದರೆ ಹೆಣ್ಣುಮಕ್ಕಳ ಕಥೆಗಳಿಗೆ ಬಂದಾಗ ತಡವರಿಸಿದೆ. ನಮ್ಮ ಕನ್ನಡದ ‘ಹಂಚಿ’ ಕಥೆಯನ್ನೇ ನೋಡಿ. ಸ್ವಂತ ಅಣ್ಣನೇ ಮೋಹಿಸಿದ ಮೇಲೆ ಚಿನ್ನದ ಕೂದಲಿನ ಆ ಹುಡುಗಿ ಮನೆ ಬಿಟ್ಟು, ಮಣ್ಣಿನ ಮುಖವಾಡದ ಹಿಂದೆ ಬದುಕುತ್ತಾಳೆ. ಅವಳ ಸಂಕಟ ಆ ಪಟ್ಟಿಯಲ್ಲಿ ಎಲ್ಲಿ ಕೂರುತ್ತದೆ?

ಎ.ಕೆ. ರಾಮಾನುಜನ್ ಅವರ ಜನಪದ ಕಥೆಗಳ ಸಂಗ್ರಹ ‘ಎ ಫ್ಲವರಿಂಗ್ ಟ್ರೀ’ ನನ್ನ ಹತ್ತಿರ ಇದೆ. ಮುಂದಕ್ಕೆ, ಮನೋವಿಶ್ಲೇಷಣೆಯ, ಅಂದರೆ ಕಥೆಯಲ್ಲಿ ಸುಪ್ತ ಮನಸ್ಸನ್ನು ಹುಡುಕುವ, ದಾರಿ ಹಿಡಿದ ಬ್ರೂನೋ ಬೆಟಲ್‌ಹೈಮ್ ಅವರ ‘ದ ಯೂಸಸ್ ಆಫ್ ಎನ್‌ಚಾಂಟ್‌ಮೆಂಟ್’ (1976) ಮೊದಲು ಓದಲೇ, ಕಥೆ ಹೇಳುವ ಹೆಂಗಸರ ಕಡೆಯಿಂದ ನೋಡುವ ಮರೀನಾ ವಾರ್ನರ್ ಅವರ ‘ಫ್ರಮ್ ದ ಬೀಸ್ಟ್ ಟು ದ ಬ್ಲಾಂಡ್’ (1994) ಓದಲೇ? ಜಾನಪದ ಎಂ.ಎ. ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಈ ವಿಚಾರಗಳ ಬಗ್ಗೆ ಕನ್ನಡದಲ್ಲೇ ಒಳ್ಳೆಯ ಪುಸ್ತಕವಿದ್ದರೆ ಅದನ್ನೇ ಮೊದಲು ಓದುತ್ತೇನೆ, ಅಮ್ಮನಿಗೂ ಓದಿ ಹೇಳಬಹುದು.