2003ರ 530ಐ: ಐಡ್ಲಿಂಗ್‌ನಲ್ಲಿ ನಡುಕ, ಎರಡೂ ಬ್ಯಾಂಕ್‌ಗೆ ಲೀನ್ ಕೋಡ್. ಗಾಳಿ ಎಲ್ಲಿಂದ ಒಳಗೆ ಹೋಗುತ್ತಿದೆ?

ಹಳೇಗಾಲಿ:

ಎಲ್ಲರಿಗೂ ನಮಸ್ಕಾರ. ನಾನಿರುವುದು ಮಿಶಿಗನ್‌ನಲ್ಲಿ. ನನ್ನ ಬಳಿ 2003ರ ಬಿಎಂಡಬ್ಲ್ಯು 530ಐ ಇದೆ. ಇ39 ಸಾಲಿನ ಕೊನೆಕೊನೆಯ ಗಾಡಿ, ಆರು ಸಿಲಿಂಡರಿನ 3 ಲೀಟರ್ ಎಂ54 ಎಂಜಿನ್, ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಈವರೆಗೆ 1,48,000 ಮೈಲಿ ಓಡಿದೆ. ಆಗಾಗ ಆಯಿಲ್ ಕುಡಿಯುವ ಚಾಳಿಯೊಂದನ್ನು ಬಿಟ್ಟರೆ ಇದುವರೆಗೆ ದೊಡ್ಡ ತಕರಾರು ಕೊಟ್ಟದ್ದಿಲ್ಲ.

ಕಳೆದ ಚಳಿಗಾಲದಿಂದ ಒಂದು ತೊಂದರೆ ಶುರುವಾಗಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೇಲೆ ಆರ್‌ಪಿಎಂ ಮುಳ್ಳು 500ಕ್ಕೂ 900ಕ್ಕೂ ನಡುವೆ ಉಯ್ಯಾಲೆಯಾಡುತ್ತದೆ. ಎಂಜಿನ್ ಬಿಸಿಯಾದಂತೆ ಅದು ನಿಲ್ಲುತ್ತದಾದರೂ, ಸಿಗ್ನಲ್‌ನಲ್ಲಿ ಡ್ರೈವ್ ಗೇರಿನಲ್ಲೇ ಬ್ರೇಕ್ ಒತ್ತಿಕೊಂಡು ನಿಂತಾಗ ಸ್ಟೀರಿಂಗ್ ಹಿಡಿದ ಕೈಗೆ ನಡುಕ ತಿಳಿಯುತ್ತದೆ. ಬಾನೆಟ್ ಎತ್ತಿ ಕಿವಿಗೊಟ್ಟರೆ ಕುಕ್ಕರ್ ಕೂಗುವ ಮೊದಲು ಬರುವಂಥ ಸಣ್ಣ ಸುಯ್ ಸದ್ದು ಕೇಳಿಸುತ್ತದೆ. ಎಲ್ಲಿಂದ ಎಂದು ಗೊತ್ತಾಗುವುದಿಲ್ಲ. ಚೆಕ್ ಎಂಜಿನ್ ದೀಪ ಹತ್ತಿದೆ. ಕೋಡ್‌ಗಳು ಪಿ0171 ಮತ್ತು ಪಿ0174, ಅಂದರೆ ಎರಡೂ ಬ್ಯಾಂಕ್‌ಗಳಲ್ಲಿ (ತಲಾ ಮೂರು ಸಿಲಿಂಡರುಗಳ ಗುಂಪು) ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು.

ಇಲ್ಲಿನ ಒಂದು ಗ್ಯಾರೇಜ್‌ನಲ್ಲಿ ಒಳಬರುವ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರ್ ಮತ್ತು ಮುಂದಿನ ಎರಡು ಆಕ್ಸಿಜನ್ ಸೆನ್ಸರ್‌ಗಳನ್ನು ಬದಲಿಸಿ 900 ಡಾಲರ್‌ಗೆ ಹತ್ತಿರ ಬಿಲ್ ಮಾಡಿದರು. ಎಂಟನೆಯ ದಿನ ದೀಪ ಮತ್ತೆ ಹತ್ತಿತು. ಈಗ ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ಗ್ಯಾಸ್ಕೆಟ್ ಹಾಕೋಣ ಎನ್ನುತ್ತಿದ್ದಾರೆ. ಅವರಿಗೆ ಒಪ್ಪಿಗೆ ಕೊಡುವ ಮೊದಲು ನಾನೇ ಮನೆಯಲ್ಲಿ ಯಾವ ಕ್ರಮದಲ್ಲಿ ಪರೀಕ್ಷಿಸಬಹುದು ಎಂದು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ. ನನ್ನ ಬಳಿ ಸಾಮಾನ್ಯ ಸ್ಕ್ಯಾನರ್ ಇದೆ. ಬಿಸಿ ಎಂಜಿನ್, ಐಡ್ಲಿಂಗ್‌ನಲ್ಲಿ ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್ (ಪೆಟ್ರೋಲ್ ಪ್ರಮಾಣಕ್ಕೆ ಕಂಪ್ಯೂಟರ್ ಮಾಡಿಕೊಂಡ ಶೇಕಡಾವಾರು ತಿದ್ದುಪಡಿ) +21 ಮತ್ತು +19 ತೋರಿಸುತ್ತದೆ. 2,500 ಆರ್‌ಪಿಎಂನಲ್ಲಿ ಹಿಡಿದು ನಿಲ್ಲಿಸಿದರೆ +5 ಮತ್ತು +4ಕ್ಕೆ ಇಳಿಯುತ್ತದೆ.

ಹತ್ತು ನಂಬರ್ ಸ್ಪ್ಯಾನರ್:

ಹಳೇಗಾಲಿಯವರೇ, ನಿಮಗೆ ಬೇಕಾದ ಉತ್ತರದ ಮುಕ್ಕಾಲು ಭಾಗ ನೀವು ಬರೆದ ಕೊನೆಯ ಎರಡು ವಾಕ್ಯಗಳಲ್ಲೇ ಇದೆ. ಸೆನ್ಸರ್ ಬದಲಿಸುವ ಮೊದಲು ಆ ಗ್ಯಾರೇಜಿನವರು ಈ ನಾಲ್ಕು ಅಂಕಿಗಳನ್ನು ನೋಡಿದ್ದರೆ ನಿಮ್ಮ ದುಡ್ಡು ಉಳಿಯುತ್ತಿತ್ತು.

ಏರ್‌ಫ್ಲೋ ಸೆನ್ಸರ್ ಇರುವುದು ಏರ್ ಫಿಲ್ಟರ್ ಪೆಟ್ಟಿಗೆಯ ಬಾಯಲ್ಲಿ. ಅದನ್ನು ದಾಟಿದ ಮೇಲೆ ಎಲ್ಲೇ ತೂತಾಗಿದ್ದರೂ ಅಲ್ಲಿಂದ ನುಗ್ಗುವ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ. ಕಂಪ್ಯೂಟರ್ ತಾನು ಅಳೆದ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಬಿಡುತ್ತದೆ, ಆಕ್ಸಿಜನ್ ಸೆನ್ಸರ್ ‘ಸಾಲದು’ ಎಂದು ದೂರುತ್ತದೆ, ಟ್ರಿಮ್ ಏರುತ್ತದೆ. ಈಗ ಒಂದು ಸಣ್ಣ ಲೆಕ್ಕ ಮಾಡಿ. ಐಡ್ಲಿಂಗ್‌ನಲ್ಲಿ ಸೆನ್ಸರ್ ಅಳೆಯುವ ಗಾಳಿ ಸೆಕೆಂಡಿಗೆ 3.5 ಗ್ರಾಂ, ತೂತಿನಿಂದ ಕದ್ದು ಬರುವುದು 0.7 ಗ್ರಾಂ ಎಂದಿಟ್ಟುಕೊಂಡರೆ ಕೊರತೆ ಶೇ 20. ಅದೇ ಎಂಜಿನ್ನನ್ನು 2,500ಕ್ಕೆ ಏರಿಸಿದಾಗ ಅಳತೆಯ ಗಾಳಿ 14 ಗ್ರಾಂ ಆಗುತ್ತದೆ, ತೂತು ಮಾತ್ರ ಬೆಳೆದಿರುವುದಿಲ್ಲವಾದ್ದರಿಂದ ಕೊರತೆ ಶೇ 5ಕ್ಕೆ ಇಳಿಯುತ್ತದೆ. ನಿಮ್ಮ ಅಂಕಿಗಳು ಹೆಚ್ಚುಕಡಿಮೆ ಹೀಗೇ ಇವೆ. ಸೆನ್ಸರ್ ಕೊಳೆಯಾಗಿದ್ದರೆ ಅಥವಾ ಪೆಟ್ರೋಲ್ ಪಂಪ್ ಸೋತಿದ್ದರೆ ಚಿತ್ರ ತಿರುಗುಮುರುಗಾಗಿ, ಎಂಜಿನ್ ಮೇಲೆ ಹೊರೆ ಬಿದ್ದಂತೆಲ್ಲ ಟ್ರಿಮ್ ಏರಬೇಕಿತ್ತು. ಎಂ54ರಲ್ಲಿ 1ರಿಂದ 3 ಒಂದು ಬ್ಯಾಂಕ್, 4ರಿಂದ 6 ಇನ್ನೊಂದು. ಎರಡೂ ಒಂದೇ ಸಮನೆ ಏರಿರುವುದರಿಂದ ಸೋರಿಕೆ ಆರಕ್ಕೂ ಸೇರಿದ ದಾರಿಯಲ್ಲಿರುವ ಸಂಭವವೇ ಹೆಚ್ಚು. ಒಂದು ಸಿಲಿಂಡರಿನ ಗ್ಯಾಸ್ಕೆಟ್ ಹೋಗಿದ್ದರೆ ಒಂದು ಕಡೆ ಎದ್ದು ಕಾಣುತ್ತಿತ್ತು. ಆದ್ದರಿಂದ ಮ್ಯಾನಿಫೋಲ್ಡ್‌ಗೆ ಸದ್ಯ ಕೈಹಾಕಿಸಬೇಡಿ.

ನಾನಾದರೆ ಮೊದಲು ನೋಡುವುದು ಏರ್‌ಫ್ಲೋ ಸೆನ್ಸರ್‌ನಿಂದ ಥ್ರಾಟಲ್‌ವರೆಗಿನ ರಬ್ಬರ್ ಬೂಟನ್ನು, ಅಂದರೆ ಗಾಳಿ ಸಾಗುವ ಮಡಿಕೆಯ ಕೊಳವೆಯನ್ನು. ಅದು ಎರಡು ತುಂಡಾಗಿ ಬರುತ್ತದೆ. ಸೀಳುವುದು ಸಾಮಾನ್ಯವಾಗಿ ಕೆಳಗಿನ ತುಂಡು, ಅದೂ ಮಡಿಕೆಗಳ ಅಡಿಭಾಗದಲ್ಲಿ. ಮೇಲಿನಿಂದ ನೋಡಿದವರಿಗೆ ಹೊಸದರಂತೆ ಕಾಣುತ್ತದೆ. ಕ್ಲಾಂಪ್ ಸಡಿಲಿಸಿ, ಹೊರಗೆ ತೆಗೆದು, ಅಕಾರ್ಡಿಯನ್ ಹಿಗ್ಗಿಸಿದಂತೆ ಎರಡೂ ಕೈಯಲ್ಲಿ ಎಳೆದು ಬೆಳಕಿಗೆ ಹಿಡಿಯಬೇಕು. ಡ್ರೈವ್ ಗೇರಿನಲ್ಲಿ ನಡುಕ ಹೆಚ್ಚು ಎಂದಿರಿ. ಎಂಜಿನ್ ಗೇರಿನ ಹೊರೆಗೆ ಒಂದಿಷ್ಟು ವಾಲಿದಾಗ ಮಡಿಕೆಯ ಸೀಳು ಬಾಯಿ ಬಿಡುತ್ತದೆ ಎಂಬುದು ನನ್ನ ಅನುಮಾನ. ಬೂಟ್ ಬಿಚ್ಚಿದಾಗಲೇ ಮ್ಯಾನಿಫೋಲ್ಡಿನ ಪಕ್ಕದ, ಅದರೊಳಗಿನ ಗಾಳಿಯ ದಾರಿ ಬದಲಿಸುವ ಡಿಸಾ ವಾಲ್ವನ್ನೂ ತೆಗೆದು ನೋಡಿ, ಎರಡು ಟಾರ್ಕ್ಸ್ 40 ಬೋಲ್ಟ್ ಅಷ್ಟೇ. ಅದರ ಓ-ರಿಂಗ್ ಚಪ್ಪಟೆಯಾಗಿ ಗಟ್ಟಿಯಾಗಿರುತ್ತದೆ. ಒಳಗಿನ ರೆಕ್ಕೆ ಗಡಗಡ ಅಲ್ಲಾಡುತ್ತಿದ್ದರೆ ಹಾಗೇ ಹಾಕಬೇಡಿ, ಅದರ ಪಿನ್ ಮುರಿದು ಎಂಜಿನ್ನಿನೊಳಗೆ ಬಿದ್ದ ಉದಾಹರಣೆಗಳಿವೆ. ಮ್ಯಾನಿಫೋಲ್ಡಿನ ಹಿಂಬದಿಯಲ್ಲಿ, ಕೈ ಮಾತ್ರ ಹೋಗುವ ಜಾಗದಲ್ಲಿ, ಹೆಬ್ಬೆರಳಿನ ತುದಿಯಷ್ಟು ದೊಡ್ಡ ರಬ್ಬರ್ ಟೋಪಿಯೊಂದಿರುತ್ತದೆ. ಇಪ್ಪತ್ತು ವರ್ಷ ಬೆಂದ ಮೇಲೆ ಅದು ಬಿಸ್ಕತ್ತಿನಂತೆ ಒಡೆಯುತ್ತದೆ. ಕಣ್ಣಿಗೆ ಕಾಣದಿದ್ದರೂ ಬೆರಳಿನಿಂದ ತಡವಿ ನೋಡಿ.

ಆಯಿಲ್ ಕುಡಿಯುವ ವಿಷಯವನ್ನು ಬೇರೆಯೆಂದು ಬದಿಗಿಡಬೇಡಿ. ಅದರ ಬಗ್ಗೆ ಮೇಷ್ಟ್ರು ಬರೆಯಲಿ.

ಜಯನಗರದ ಇ220:

ನನ್ನದು ಬೇರೆ ಊರು, ಬೇರೆ ಗಾಡಿ: ಬೆಂಗಳೂರಿನಲ್ಲಿ 1996ರ ಮರ್ಸಿಡಿಸ್ ಇ220, ಪುಣೆಯಲ್ಲಿ ಜೋಡಿಸಿದ ಡಬ್ಲ್ಯು124. ನಿಮ್ಮ ಹಾಗೆ ಸ್ಕ್ಯಾನರ್ ಚುಚ್ಚಿ ಟ್ರಿಮ್ ಓದುವ ಸೌಕರ್ಯ ಇದಕ್ಕಿಲ್ಲವಾದ್ದರಿಂದ ನಾನು ಮ್ಯಾನಿಫೋಲ್ಡಿನೊಳಗಿನ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ನಂಬಿದವನು. ಅದರಲ್ಲೇ ಒಮ್ಮೆ ಮೋಸಹೋಗುವುದಿತ್ತು. ಗೇಜ್ ಪಾದರಸದ ಲೆಕ್ಕದಲ್ಲಿ 15 ಇಂಚು ತೋರಿಸಿತು. ಪುಸ್ತಕಗಳಲ್ಲಿ 18ರಿಂದ 21 ಇಂಚು ಇರಬೇಕೆಂದು ಬರೆದಿರುತ್ತದೆ. ಕರಾವಳಿಯಲ್ಲಿ ಕೆಲಸ ಕಲಿತು ಬಂದ ಮೆಕ್ಯಾನಿಕ್ ಒಬ್ಬರು ಅದನ್ನು ನೋಡಿ, ಎಂಜಿನ್ ಸವೆದಿದೆ, ಇಳಿಸಬೇಕು ಎಂದುಬಿಟ್ಟರು. ಆ ಅಂಕಿ ಸಮುದ್ರಮಟ್ಟದ್ದು. ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಇಂಚಿನಂತೆ ಕಳೆಯಬೇಕು. ಬೆಂಗಳೂರು 3,000 ಅಡಿ ಎತ್ತರದಲ್ಲಿದೆ, ಹಾಗಾಗಿ ಇಲ್ಲಿ 15ರಿಂದ 18 ಬಂದರೆ ಆರೋಗ್ಯವೇ. ಮುಳ್ಳು ಕೆಳಗಿದೆ ಎಂಬುದಕ್ಕಿಂತ ಅದು ಸ್ಥಿರವಾಗಿದೆಯೇ, ಒಂದೊಂದು ಕವಲನ್ನು ಮುಚ್ಚಿದಾಗ ಮೇಲೇರುತ್ತದೆಯೇ ಎಂಬುದು ಮುಖ್ಯ.

ನಾನು ಮಾಡಿದ್ದು ಅಷ್ಟೇ. ಮ್ಯಾನಿಫೋಲ್ಡಿನಿಂದ ಹೊರಟ ಪೈಪುಗಳನ್ನು ಒಂದೊಂದಾಗಿ ತೆಗೆದು ಬೆರಳಿನಿಂದ ಮುಚ್ಚಿ ಮುಳ್ಳನ್ನು ನೋಡಿದೆ. ಈ ಗಾಡಿಗಳ ಸಣ್ಣ ಪ್ಲಾಸ್ಟಿಕ್ ಪೈಪುಗಳನ್ನು ಇಕ್ಕಳದಿಂದ ಹಿಸುಕಬಾರದು, ಹಿಸುಕಿದರೆ ಹೊಸ ಸೋರಿಕೆ ನೀವೇ ಮಾಡಿದಂತಾಗುತ್ತದೆ. ಎ.ಸಿ. ಕವಾಟಗಳಿಗೆ ಹೋಗುವ ಕವಲನ್ನು ಮುಚ್ಚಿದಾಗ ಮುಳ್ಳು 17ಕ್ಕೆ ಏರಿ ನಿಂತಿತು. ಆ ದಾರಿಯ ರಬ್ಬರ್ ಮೊಣಕೈಯೊಂದು ಸೀಳಿತ್ತು. ಜೆ.ಸಿ. ರಸ್ತೆಯಲ್ಲಿ ಅದಕ್ಕೆ ಕೊಟ್ಟದ್ದು ಒಂದು ಊಟದ ದುಡ್ಡು. ಅಲ್ಲೇ ಒಂದು ಎಚ್ಚರಿಕೆ: ಮೀಟರ್ ಲೆಕ್ಕದಲ್ಲಿ ಸಿಗುವ ತೆಳು ರಬ್ಬರ್ ಪೈಪನ್ನು ಬ್ರೇಕ್ ಬೂಸ್ಟರ್ (ಮ್ಯಾನಿಫೋಲ್ಡಿನ ಎಳೆತದಿಂದ ಪೆಡಲಿಗೆ ಬಲ ಕೂಡಿಸುವ ಭಾಗ) ದಾರಿಗೆ ಹಾಕಬೇಡಿ. ಒಳಗೆ ಎಳೆತ ಬಿದ್ದಾಗ ಅದು ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ.

ಬೂಸ್ಟರನ್ನು ಪರೀಕ್ಷಿಸಲು ಎಂಜಿನ್ ಆರಿಸಿ, ಪೆಡಲ್ ಗಟ್ಟಿಯಾಗುವವರೆಗೆ ಐದಾರು ಸಲ ತುಳಿದು, ಕಾಲು ಒತ್ತಿಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್‌ಗೆ ಎಳೆತ ತಲುಪುತ್ತಿದೆ ಎಂದರ್ಥ. ಪೆಡಲ್ ಒತ್ತಿದಾಗ ಮಾತ್ರ ಐಡ್ಲಿಂಗ್ ಬದಲಾಗುತ್ತಿದ್ದರೆ ಬೂಸ್ಟರನ್ನೇ ಅನುಮಾನಿಸಿ.

ನಿವೃತ್ತ ಮೇಷ್ಟ್ರು, ದಾವಣಗೆರೆ:

ಮೇಲಿನ ಇಬ್ಬರೂ ಹೇಳಿರುವುದನ್ನು ಒಪ್ಪುತ್ತೇನೆ. ನನ್ನನ್ನು ಎಳೆದು ತಂದದ್ದರಿಂದ ಆಯಿಲ್ ವಿಷಯವನ್ನಷ್ಟೇ ಬರೆಯುತ್ತೇನೆ.

ಪಿಸ್ಟನ್ ರಿಂಗುಗಳನ್ನು ದಾಟಿ ಕ್ರಾಂಕ್‌ಕೇಸಿಗೆ ಇಳಿಯುವ ಅನಿಲವನ್ನು ಮ್ಯಾನಿಫೋಲ್ಡ್ ಮರಳಿ ಎಳೆದುಕೊಳ್ಳುತ್ತದೆ. ಎಂ54ರಲ್ಲಿ ಆ ದಾರಿಯ ನಡುವೆ, ಮ್ಯಾನಿಫೋಲ್ಡಿನ ಅಡಿಯಲ್ಲಿ, ಆಯಿಲ್ ಬೇರ್ಪಡಿಸುವ ಒಂದು ಪ್ಲಾಸ್ಟಿಕ್ ಪಾತ್ರೆಯಿದೆ. ಎಳೆತವನ್ನು ಮಿತಿಯಲ್ಲಿಡುವ ರಬ್ಬರ್ ಪೊರೆ ಅದರೊಳಗಿದೆ. ಬೇರ್ಪಟ್ಟ ಆಯಿಲ್ ಒಂದು ಹೋಸ್ ಮೂಲಕ ಡಿಪ್‌ಸ್ಟಿಕ್ ಕೊಳವೆಗೆ ಇಳಿದು ಸಂಪ್ ಸೇರುತ್ತದೆ. ಪೊರೆ ಹರಿದರೆ ಕ್ರಾಂಕ್‌ಕೇಸಿನ ಮೇಲೆ ಮ್ಯಾನಿಫೋಲ್ಡಿನ ಪೂರ್ಣ ಎಳೆತ ಬೀಳುತ್ತದೆ. ಆಗ ವಾಲ್ವ್ ಕವರ್ ಗ್ಯಾಸ್ಕೆಟ್, ಡಿಪ್‌ಸ್ಟಿಕ್ಕಿನ ಓ-ರಿಂಗ್, ಆಯಿಲ್ ಸೀಲು, ಎಲ್ಲಿ ಬಲ ಕಡಿಮೆಯೋ ಅಲ್ಲಿಂದ ಗಾಳಿ ನುಗ್ಗುತ್ತದೆ. ನಿಮ್ಮಂಥ ಚಳಿಯ ನಾಡಿನಲ್ಲಿ ಇನ್ನೊಂದು ಅಪಾಯವಿದೆ. ಹತ್ತಿರದ ಓಡಾಟಕ್ಕಷ್ಟೇ ಗಾಡಿ ಬಳಸಿದರೆ ಅನಿಲದಲ್ಲಿನ ನೀರಾವಿ ಈ ಹೋಸುಗಳಲ್ಲಿ ಹೆಪ್ಪುಗಟ್ಟಿ, ಆಯಿಲ್ ಇಳಿಯುವ ದಾರಿ ಮುಚ್ಚಿ, ಆಯಿಲ್ ನೇರ ಸಿಲಿಂಡರಿಗೆ ಹೋಗಬಹುದು. ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥ ಹಳದಿ ಲೇಪ ಕಂಡರೆ ಅದು ಇದರ ಮುನ್ಸೂಚನೆ. ಚಳಿಗೆಂದೇ ಹೊದಿಕೆ ಹಾಕಿದ ಹೋಸುಗಳು ದೊರೆಯುತ್ತವೆ, ಬದಲಿಸುವಾಗ ಅವನ್ನೇ ಹಾಕಿಸಿ.

ಪರೀಕ್ಷೆ ಸುಲಭ. ಐಡ್ಲಿಂಗ್‌ನಲ್ಲಿ ಆಯಿಲ್ ಮುಚ್ಚಳ ತೆಗೆಯಿರಿ. ಯಾರೋ ಒಳಗಿನಿಂದ ಹಿಡಿದು ಎಳೆದಷ್ಟು ಬಿಗಿಯಾಗಿದ್ದು, ತೆಗೆದೊಡನೆ ಎಂಜಿನ್ ತತ್ತರಿಸಿದರೆ ಪೊರೆ ಹರಿದಿದೆ. ಅಳೆದೇ ನೋಡಬೇಕೆಂದರೆ, ಪಾರದರ್ಶಕ ಪೈಪನ್ನು ‘ಯು’ ಆಕಾರದಲ್ಲಿ ಒಂದು ಮರದ ಪಟ್ಟಿಗೆ ಟೇಪಿನಿಂದ ಅಂಟಿಸಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ಡಿಪ್‌ಸ್ಟಿಕ್ ಕೊಳವೆಗೆ ಗಾಳಿಯಾಡದಂತೆ ಜೋಡಿಸಿ. ಎರಡು ಕಡೆಯ ನೀರಿನ ಮಟ್ಟಗಳ ಅಂತರ 10ರಿಂದ 15 ಸೆಂಟಿಮೀಟರ್ ಬಂದರೆ ಪೊರೆ ಸರಿಯಿದೆ. ಪೈಪ್ ಸಾಕಷ್ಟು ಉದ್ದವಿರಲಿ. ಪೊರೆ ಹರಿದಿದ್ದರೆ ನೀರೆಲ್ಲ ಎಂಜಿನ್ ಪಾಲಾಗುತ್ತದೆ. ನಮ್ಮ ಪಾಲಿಟೆಕ್ನಿಕ್‌ನಲ್ಲಿ ಹುಡುಗರು ಇದನ್ನು ಒಮ್ಮೆಯಾದರೂ ಮಾಡಿಕೊಳ್ಳದೆ ಬಿಟ್ಟ ವರ್ಷವಿಲ್ಲ.

ಇನ್ನು ಕಾರ್ಬ್ ಕ್ಲೀನರ್ ಸಿಂಪಡಿಸಿ ಹುಡುಕುವ ವಿಧಾನ ನನಗೆ ಹಿಡಿಸದು. ಬಿಸಿ ಎಂಜಿನ್ ಮೇಲೆ ಅದು ಬೆಂಕಿಗೆ ಆಹ್ವಾನ. ಕ್ಲೋರಿನ್ ಬೆರೆತ ಬ್ರೇಕ್ ಕ್ಲೀನರ್ ಅಂತೂ ಬೇಡವೇ ಬೇಡ, ಅದು ಬಿಸಿ ಲೋಹಕ್ಕೆ ತಾಗಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಒಳಗೆ ಹೊಗೆ ತುಂಬಿಸಿ ಎಲ್ಲಿಂದ ಹೊರಬರುತ್ತದೆಂದು ನೋಡುವ ಹೊಗೆ ಪರೀಕ್ಷೆಯೇ ಲೇಸು.

ಹಳೇಗಾಲಿ:

ಮೂವರಿಗೂ ಕೃತಜ್ಞತೆಗಳು. ಹೊಗೆಯನ್ನು ಎಲ್ಲಿಂದ ಬಿಡಬೇಕು, ಎಷ್ಟು ಒತ್ತಡ ಇರಬೇಕು?

ಹತ್ತು ನಂಬರ್ ಸ್ಪ್ಯಾನರ್:

ಎಂಜಿನ್ ಆರಿರಬೇಕು. ಏರ್‌ಫ್ಲೋ ಸೆನ್ಸರ್ ಬಿಚ್ಚಿ, ಬೂಟಿನ ಬಾಯಿಗೆ ರಬ್ಬರ್ ಕೈಗವಸು ಬಿಗಿದು ಮುಚ್ಚಿ, ಬ್ರೇಕ್ ಬೂಸ್ಟರ್ ಹೋಸಿನಿಂದ ಹೊಗೆ ಬಿಡಿ. ಒಂದು ಪಿಎಸ್‌ಐ ದಾಟಿಸಬೇಡಿ, ಅರ್ಧವಾದರೂ ಸಾಕು; ಟೈರಿಗೆ ಗಾಳಿ ಹಾಕುವ ಕಂಪ್ರೆಸರನ್ನು ನೇರ ಜೋಡಿಸಿದರೆ ಒಳ್ಳೆಯ ಸೀಲುಗಳೂ ಕಿತ್ತುಹೋಗುತ್ತವೆ. ಕೈಗವಸು ಉಬ್ಬಿ ನಿಂತರೆ ಒತ್ತಡ ಬಂದಿದೆ ಎಂದು ತಿಳಿಯಿರಿ. ಮೊದಲ ಹೊಗೆ ಕಂಡ ಕೂಡಲೇ ಗೆದ್ದೆವೆಂದು ನಿಲ್ಲಿಸಬೇಡಿ. ದೊಡ್ಡ ತೂತಿನಿಂದಲೇ ಹೊಗೆಯೆಲ್ಲ ಹೊರಟುಹೋದರೆ ಸಣ್ಣವು ಕಾಣುವುದಿಲ್ಲ. ಅದನ್ನು ಟೇಪ್ ಸುತ್ತಿ ಮುಚ್ಚಿ ಇನ್ನೊಂದು ಸುತ್ತು ಬಿಡಿ.

ಹಳೇಗಾಲಿ:

ಎರಡು ವಾರಾಂತ್ಯಗಳ ಕೆಲಸದ ನಂತರ ಬರೆಯುತ್ತಿದ್ದೇನೆ. ಹೊಗೆ ಯಂತ್ರವನ್ನು ಪರಿಚಿತರೊಬ್ಬರಿಂದ ತಂದಿದ್ದೆ. ಬಿಟ್ಟ ಅರ್ಧ ನಿಮಿಷಕ್ಕೆ ಕೆಳಗಿನ ಬೂಟಿನ ಅಡಿಯಿಂದ, ಇಡ್ಲಿ ಪಾತ್ರೆಯ ಮುಚ್ಚಳ ಎತ್ತಿದಂತೆ, ಹೊಗೆ ಎದ್ದಿತು. ತೆಗೆದು ಹಿಗ್ಗಿಸಿದರೆ ಎರಡನೆಯ ಮಡಿಕೆಯಲ್ಲಿ ನನ್ನ ಕಿರುಬೆರಳು ತೂರುವಷ್ಟು ಉದ್ದದ ಸೀಳು. ಅದನ್ನು ಟೇಪಿನಿಂದ ಮುಚ್ಚಿ ಎರಡನೆಯ ಸುತ್ತು ಬಿಟ್ಟಾಗ ಹಿಂಬದಿಯ ರಬ್ಬರ್ ಟೋಪಿಯಿಂದ ಒಂದು ಎಳೆ, ಡಿಪ್‌ಸ್ಟಿಕ್ ಬುಡದಿಂದ ಇನ್ನೊಂದು ಎಳೆ ಹೊರಟವು. ಮುಟ್ಟಿದ ಕೂಡಲೇ ಟೋಪಿ ಪುಡಿಯಾಗಿ ಕೈಗೆ ಬಂತು. ಸುಯ್ ಸದ್ದು ಅಲ್ಲಿಂದಲೇ ಬರುತ್ತಿತ್ತೆಂದು ಈಗ ಅರ್ಥವಾಗಿದೆ, ಏಕೆಂದರೆ ಹೊಸ ಟೋಪಿ ಹಾಕಿದ ಮೇಲೆ ಅದು ನಿಂತಿದೆ.

ಬೂಟಿನ ಎರಡು ತುಂಡು, ಟೋಪಿ, ಡಿಸಾದ ಓ-ರಿಂಗ್ ಮತ್ತು ಡಿಪ್‌ಸ್ಟಿಕ್ ಕೊಳವೆಯ ಓ-ರಿಂಗ್ ಬದಲಿಸಿದೆ. ಡಿಪ್‌ಸ್ಟಿಕ್ ಕೊಳವೆಯನ್ನು ಹೊರತೆಗೆದಾಗ ಆಯಿಲ್ ಇಳಿಯುವ ಸಂದಿಯಲ್ಲಿ ಕಪ್ಪು ಜಿಡ್ಡು ತುಂಬಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿ ತಂತಿಯಿಂದ ಬಿಡಿಸಬೇಕಾಯಿತು. ಮೇಷ್ಟ್ರು ಹೇಳಿದ ನೀರಿನ ಪೈಪನ್ನೂ ಕಟ್ಟಿ ನೋಡಿದೆ. ಅಂತರ 13 ಸೆಂಟಿಮೀಟರ್ ಬಂದಿತು, ಹಾಗಾಗಿ ಪೊರೆ ಸದ್ಯಕ್ಕೆ ಗಟ್ಟಿಯಿದೆ. ಆದರೂ ಹೋಸುಗಳು ಬೆರಳಿನಿಂದ ಒತ್ತಿದರೆ ಚಟಚಟ ಎನ್ನುತ್ತಿವೆ. ಹಿಮ ಬೀಳುವ ಮೊದಲು ಹೊದಿಕೆಯ ಹೋಸುಗಳ ಸಮೇತ ಆಯಿಲ್ ಬೇರ್ಪಡಿಸುವ ಪಾತ್ರೆಯನ್ನೂ ಬದಲಿಸುತ್ತೇನೆ.

ಕಂಪ್ಯೂಟರ್ ಕಲಿತಿಟ್ಟುಕೊಂಡಿದ್ದ ಹಳೆಯ ತಿದ್ದುಪಡಿಗಳನ್ನು (ಅಡಾಪ್ಟೇಶನ್) ಅಳಿಸಿ 300 ಮೈಲಿ ಓಡಿಸಿದ ಮೇಲೆ ಐಡ್ಲಿಂಗ್‌ನಲ್ಲಿ ಟ್ರಿಮ್ +3 ಮತ್ತು +2, 2,500ರಲ್ಲಿ ಎರಡೂ ಕಡೆ +1. ದೀಪ ಹತ್ತಿಲ್ಲ. ಬಿಡಿಭಾಗಗಳಿಗೆ ತಗುಲಿದ್ದು 140 ಡಾಲರ್. ತೆಗೆದುಹಾಕಿದ್ದ ಹಳೆಯ ಏರ್‌ಫ್ಲೋ ಸೆನ್ಸರ್ ಡಿಕ್ಕಿಯಲ್ಲೇ ಇತ್ತು. ಕುತೂಹಲಕ್ಕೆ ಅದನ್ನು ಮತ್ತೆ ಹಾಕಿ ಒಂದು ವಾರ ಓಡಿಸಿದೆ, ಅಂಕಿಗಳು ಕದಲಲಿಲ್ಲ.