ಹೊಳಪು ಎಲ್ಲಿ ಬೇಕು, ಎಲ್ಲಿ ಬೇಡ

ತಂಗೀ, ನಿನ್ನ ಮೆಸೇಜ್ ಈಗಷ್ಟೇ ನೋಡಿದೆ. ಇದು ಟೈಪ್ ಮಾಡಿ ಮುಗಿಯುವ ಮಾತಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ಅಡುಗೆ ಕೆಲಸ ಮುಗಿದ ಮೇಲೆ ಕೇಳು.

ತೀರ್ಥಹಳ್ಳಿ ಮನೆಗೆ ಪೇಂಟ್ ಶುರುವಾಗಬೇಕು. ಪೇಂಟರ್ ಎಲ್ಲಾ ರೂಮಿಗೂ ಸ್ವಲ್ಪ ಹೊಳೆಯುವ ಸ್ಯಾಟಿನ್ ಹೊಡೆಸಿ ಅಂತಾರೆ, ಅಂಗಡಿಯವರು ಹೊಳಪಿಲ್ಲದ ಮ್ಯಾಟ್ ಅಂತಾರೆ, ಯಾರ ಮಾತು ಕೇಳಲಿ ಅಂದಿದ್ದೀಯ. ಇಬ್ಬರ ಮಾತಲ್ಲೂ ಅರ್ಧ ಸರಿ ಇದೆ. ಇಡೀ ಮನೆಗೆ ಒಂದೇ ಫಿನಿಷ್, ಅಂದರೆ ಒಂದೇ ಥರದ ಹೊಳಪು, ಮಾತ್ರ ಬೇಡ ಮಾರಾಯ್ತಿ.

ಅಜ್ಜಿ ಮನೆಯ ಜಗಲಿ ನೆನಪು ಮಾಡಿಕೋ. ಗೋಡೆಗೆಲ್ಲ ಸುಣ್ಣ, ಕೆಳಗಡೆಗೆ ಮಾತ್ರ ಕಾರಣೆ, ಅದೇ ಆ ಕೆಂಪು ಪಟ್ಟಿ. ಕೂತವರ ಬೆನ್ನು ಒರಗುವುದು, ನೆಲ ಒರೆಸುವಾಗ ನೀರು ಸಿಡಿಯುವುದು ಅಲ್ಲೇ ಅಲ್ವಾ? ಕೊಳೆಯಾಗುವ ಜಾಗಕ್ಕೆ ಬೇರೆ, ಕಣ್ಣಿಗೆ ಕಾಣುವ ಜಾಗಕ್ಕೆ ಬೇರೆ. ನೀನೂ ಹಾಗೇ ನೋಡು. ಯಾವ ಗೋಡೆಗೆ ಕೈ ತಾಗುತ್ತದೆ, ನೀರು ಎಣ್ಣೆ ಸಿಡಿಯುತ್ತದೆ? ಯಾವ ಗೋಡೆಗೆ ಕಿಟಕಿ ಬೆಳಕು ಓರೆಯಾಗಿ ಬೀಳುತ್ತದೆ? ಇಷ್ಟು ಗೊತ್ತಾದರೆ ಫಿನಿಷ್ ತಾನಾಗಿಯೇ ಗೊತ್ತಾಗುತ್ತದೆ.

ಮ್ಯಾಟ್ ಪೇಂಟಿನಲ್ಲಿ ಪುಡಿ ಜಾಸ್ತಿ, ಅಂಟು ಕಮ್ಮಿ. ಒಣಗಿದ ಮೇಲೆ ಮೈ ಕಣ್ಣಿಗೆ ಕಾಣದಷ್ಟು ತರಿತರಿಯಾಗಿರುತ್ತದೆ. ಬಿದ್ದ ಬೆಳಕು ಎಲ್ಲಾ ಕಡೆಗೂ ಚದುರುತ್ತದೆ, ಗೋಡೆಯ ಉಬ್ಬು ತಗ್ಗು ಕಾಣುವುದಿಲ್ಲ. ಸ್ಯಾಟಿನ್‌ನಲ್ಲಿ ಅಂಟು ಜಾಸ್ತಿ. ಅದು ನುಣುಪಾದ ಪದರವಾಗಿ ಕೂರುತ್ತದೆ. ಕಲೆ ಒಳಗೆ ಇಳಿಯದೆ ಮೇಲೇ ನಿಲ್ಲುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಆದರೆ ಅದೇ ನುಣುಪು ಗೋಡೆಯ ತಪ್ಪನ್ನೆಲ್ಲ ಎತ್ತಿ ತೋರಿಸುತ್ತದೆ.

ಇದು ನಮ್ಮ ಮನೆಯಲ್ಲೇ ಆಯಿತು. ಹಾಲಿನ ಉದ್ದ ಗೋಡೆಗೆ ಸ್ಯಾಟಿನ್ ಹೊಡೆಸಿದೆವು. ರಾತ್ರಿ ಲೈಟಿನಲ್ಲಿ ಚೆನ್ನಾಗಿಯೇ ಇತ್ತು. ಬೆಳಿಗ್ಗೆ ಬಿಸಿಲು ಪಕ್ಕದ ಕಿಟಕಿಯಿಂದ ಓರೆಯಾಗಿ ಬಂದಾಗ ಮೇಸ್ತ್ರಿ ಗಾರೆ ಮಾಡುವಾಗ ಕರಣೆ ಎಳೆದ ಗುರುತೆಲ್ಲ ಅಲೆ ಅಲೆಯಾಗಿ ಎದ್ದು ಕಂಡಿತು. ನನಗೆ ಅಳು ಬಂದಿತ್ತು. ಮತ್ತೆ ಉಜ್ಜಿಸಿ, ಪುಟ್ಟಿ ಹಾಕಿಸಿ, ಪ್ರೈಮರ್ ಹೊಡೆಸಿ, ಮ್ಯಾಟ್ ಮಾಡಿಸಿದೆವು. ಎರಡು ಸಲ ಕೂಲಿ ಕೊಟ್ಟ ಹಾಗಾಯಿತು. ನಿನಗೆ ಹಾಗಾಗಬಾರದು.

ಅದಕ್ಕೆ ಮೊದಲು ಒಂದು ಕೆಲಸ ಮಾಡು. ರಾತ್ರಿ ಲೈಟ್ ಆರಿಸಿ, ಟಾರ್ಚನ್ನು ಗೋಡೆಗೆ ಅಂಟಿದ ಹಾಗೆ ಹಿಡಿದು ಉದ್ದಕ್ಕೂ ಬಿಡು. ಗುಳಿ, ಉಬ್ಬು ಎಲ್ಲ ನೆರಳಾಗಿ ಕಾಣುತ್ತವೆ. ಪೆನ್ಸಿಲಿನಲ್ಲಿ ಗುರುತು ಮಾಡಿ ಮರುದಿನ ಮೇಸ್ತ್ರಿಗೆ ತೋರಿಸು. ಸರಿಮಾಡಿದ ಮೇಲೂ ಅಲೆ ಕಂಡರೆ ಆ ಗೋಡೆಗೆ ಮ್ಯಾಟೇ ಸರಿ, ಯಾರು ಏನೇ ಹೇಳಲಿ. ಸೀಲಿಂಗಿಗಂತೂ ಮ್ಯಾಟ್ ಬಿಟ್ಟು ಬೇರೆ ಯೋಚನೆ ಬೇಡ. ಹಾಲು, ಬೆಡ್‌ರೂಮಿಗೆ ತೊಳೆಯಬಹುದಾದ ಮ್ಯಾಟ್ ಸಿಗುತ್ತದೆ. ದುಡ್ಡು ಸ್ವಲ್ಪ ಜಾಸ್ತಿ, ಆದರೆ ಕೊಟ್ಟದ್ದಕ್ಕೆ ಮೋಸ ಇಲ್ಲ. ಸಾದಾ ಮ್ಯಾಟ್ ಹಾಕಿಸಿದರೆ ಕಲೆಯನ್ನು ಗಟ್ಟಿಯಾಗಿ ಉಜ್ಜಬೇಡ, ಉಜ್ಜಿದ ಜಾಗವೇ ಹೊಳೆಯತೊಡಗುತ್ತದೆ. ಮ್ಯಾಟಿನಲ್ಲಿ ಒಂದು ಅನುಕೂಲ ಇದೆ. ಮೊಳೆ ಕಿತ್ತ ಜಾಗಕ್ಕೆ ಉಳಿದ ಪೇಂಟನ್ನು ಸ್ವಲ್ಪ ಹಚ್ಚಿದರೆ ಹೆಚ್ಚುಕಮ್ಮಿ ಕಾಣುವುದಿಲ್ಲ. ಸ್ಯಾಟಿನ್‌ನಲ್ಲಿ ತೇಪೆ ಎದ್ದು ಕಾಣುತ್ತದೆ.

ಮಕ್ಕಳ ರೂಮು, ಮೆಟ್ಟಿಲ ಪಕ್ಕ, ಪ್ಯಾಸೇಜ್, ಇಲ್ಲೆಲ್ಲ ಸ್ಯಾಟಿನ್. ಬೇಕಾದರೆ ಕಾರಣೆ ಲೆಕ್ಕದಲ್ಲೇ ಮೂರು ನಾಲ್ಕು ಅಡಿವರೆಗೆ ಸ್ಯಾಟಿನ್, ಮೇಲೆ ಮ್ಯಾಟ್ ಮಾಡಿಸಬಹುದು. ನಡುವೆ ಒಂದು ಗೆರೆ ಬರುವ ಹಾಗೆ ನೋಡಿಕೋ. ಯಾಕೆಂದರೆ ಬಣ್ಣದ ನಂಬರ್ ಒಂದೇ ಆದರೂ ಹೊಳಪಿನಲ್ಲಿ ಸ್ವಲ್ಪ ಗಾಢವಾಗಿ ಕಾಣುತ್ತದೆ.

ಅಡುಗೆಮನೆಯಲ್ಲಿ ಟೈಲ್ಸ್ ಮುಗಿದ ಮೇಲಿನ ಗೋಡೆಯನ್ನು ಎಲ್ಲರೂ ಮರೆಯುತ್ತಾರೆ. ದಿನಾ ಒಗ್ಗರಣೆ ಹೊಗೆ, ಎಣ್ಣೆ ಜಿಡ್ಡು ಏರುವುದು ಅಲ್ಲಿಗೇ. ಅಲ್ಲಿ ಸ್ಯಾಟಿನ್ ಅಥವಾ ಹೊಳಪಿನಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಸೆಮಿ ಗ್ಲಾಸ್ ಪೇಂಟ್ ಹಾಕಿಸು. ಸೋಪಿನ ನೀರಿನಲ್ಲಿ ಒರೆಸಬಹುದು. ದೇವರ ಕೋಣೆಗೂ ಹಾಗೇ. ದೀಪದ ಮಸಿ, ಕುಂಕುಮದ ಕೈ ತಪ್ಪುವುದಿಲ್ಲ. ಸೀಲಿಂಗಿಗೆ ಮ್ಯಾಟ್ ಅಂದೆನಲ್ಲ, ಬಾತ್‌ರೂಮ್ ಮಾತ್ರ ಅದಕ್ಕೆ ಹೊರತು. ನಮ್ಮ ಮಲೆನಾಡಿನ ಮಳೆಗೆ ಅಲ್ಲಿ ಬೇಗ ಬೂಷ್ಟು ಬರುತ್ತದೆ. ಬೂಷ್ಟು ತಡೆಯುವ ಪೇಂಟ್ ಕೇಳು, ಸ್ಯಾಟಿನ್ ಇರಲಿ, ಎಕ್ಸಾಸ್ಟ್ ಫ್ಯಾನ್ ತಪ್ಪಿಸಬೇಡ. ಗ್ರಿಲ್, ಬಾಗಿಲಿಗೆ ಎನಾಮೆಲ್, ಅದು ಪೇಂಟರಿಗೇ ಗೊತ್ತಿರುತ್ತದೆ.

ಹಿಂದಿನ ಹಳೇ ಮನೆಯ ಮಣ್ಣಿನ ಗೋಡೆ ಹಾಗೇ ಉಳಿಸಿಕೊಂಡಿದ್ದೀರಲ್ಲ, ಅದಕ್ಕೆ ಮಾತ್ರ ಹೊಳಪಿನ ಪೇಂಟ್ ಖಂಡಿತ ಬೇಡ. ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಎಳೆದುಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಸುಣ್ಣ ಆ ತೇವವನ್ನು ಹೊರಗೆ ಬಿಡುತ್ತದೆ. ಹೊಳಪಿನ ಪದರ ಬಾಯಿ ಮುಚ್ಚುತ್ತದೆ. ಆಮೇಲೆ ಗುಳ್ಳೆ ಎದ್ದು, ಪೇಂಟಿನ ಜೊತೆ ಮಣ್ಣೂ ಉದುರುತ್ತದೆ. ಅದಕ್ಕೆ ಸುಣ್ಣ, ಕೆಳಗೆ ಕಾರಣೆ, ಅಷ್ಟೇ. ಅಜ್ಜಿ ಕೈಯಾರೆ ಸಾರಿಸಿದ ಗೋಡೆ ಅದು, ಹಾಳಾಗಬಾರದು.

ಹೊಸ ಗೋಡೆಗೂ ಆತುರ ಬೇಡ. ಗೃಹಪ್ರವೇಶದ ದಿನ ಹತ್ತಿರ ಬಂತು ಅಂತ ಹಸಿ ಗಾರೆಯ ಮೇಲೆ ಹೊಡೆಸಬೇಡ. ಸಿಮೆಂಟ್ ಗಾರೆಗೆ ಕನಿಷ್ಠ 28 ದಿನ ಬೇಕು, ಮಳೆ ಹಿಡಿದರೆ ಇನ್ನೂ ಜಾಸ್ತಿ. ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸು. 24 ಗಂಟೆ ಬಿಟ್ಟು ತೆಗೆದಾಗ ಒಳಗೆ ನೀರಿನ ಹನಿ ಇದ್ದರೆ ಇನ್ನೂ ಕಾಯಬೇಕು.

ಇನ್ನೊಂದು ಮಾತು. ಒಂದು ಕಂಪನಿ ಸಾಫ್ಟ್ ಶೀನ್ ಅಂತ ಮಾರುವ ಪೇಂಟ್ ಇನ್ನೊಂದು ಕಂಪನಿಯ ಸ್ಯಾಟಿನ್ ಥರ ಇರಬಹುದು, ಹೆಸರು ನಂಬಿ ಆರ್ಡರ್ ಕೊಡಬೇಡ. ಅಂಗಡಿಯ ಚಿಕ್ಕ ಕಾರ್ಡಿನಲ್ಲಿ ಹೊಳಪು ಗೊತ್ತಾಗುವುದಿಲ್ಲ. ಒಂದೊಂದು ಲೀಟರ್ ತಂದು, ನಿನ್ನ ಗೋಡೆಯ ಮೇಲೇ ಎರಡಡಿ ಚೌಕ ಬಳಿಸಿ, ಬೆಳಿಗ್ಗೆ ಒಮ್ಮೆ, ಸಂಜೆ ಲೈಟ್ ಹಾಕಿ ಒಮ್ಮೆ ನೋಡು.

ಟಾರ್ಚ್ ಹಿಡಿದಾಗ ಹಾಲಿನ ಗೋಡೆಯ ಫೋಟೋ ತೆಗೆದು ಇಲ್ಲೇ ಹಾಕು. ಪೇಂಟರ್ ಒಪ್ಪದಿದ್ದರೆ ನನಗೆ ಫೋನ್ ಕೊಡು, ನಾನೇ ಮಾತಾಡುತ್ತೇನೆ.